ಕಟ್ಟು ಹಾಕಿದ ಮುಖ

ಬೇಡ ಬೇಡ, ಅಲ್ಲೇ ನಿಲ್ಲು! ಅಂಗಡಿ ಒಳಗೆ ಕಾಲಿಡಬೇಡ. ನೆಲದ ತುಂಬ ಗಾಜಿನ ಚೂರು ಬಿದ್ದಿದೆ... ಚುಚ್ಚೀತು ಅಂತ ಹೇಳ್ತಿಲ್ಲ, ಚುಚ್ಚಿದರೆ ನನಗೇನು! ಬರಬೇಡ ಅಂದರೆ ಬರಬೇಡ, ಅಷ್ಟೆ. ಆ ಕೋಲು ಟಕ್ ಟಕ್ ಅನ್ನಿಸಬೇಡ. ಮೇಲೆ ಅಮ್ಮ ಇದ್ದಾಳೆ.

ಹೇಗೆ ಗುರುತು ಹಿಡಿದೆ ಅಂತಾನಾ? ನನ್ನ ತಮ್ಮ ಸೈನ್ಯದಿಂದ ಕಳಿಸಿದ್ದನಲ್ಲ ಒಂದು ಫೋಟೋ, ನೀವಿಬ್ಬರೂ ಹೆಗಲ ಮೇಲೆ ಕೈ ಹಾಕ್ಕೊಂಡು ಹಲ್ಲು ಕಿರೀತಾ ನಿಂತಿದ್ದು. ಬಾಗಿಲಲ್ಲಿ ನಿನ್ನ ಮುಖ ಕಂಡಿದ್ದೇ ಕೈಯಲ್ಲಿದ್ದ ಗಾಜು ಜಾರಿತು. ಅವನ ಪದಕಕ್ಕೆ ಕಟ್ಟು ಹಾಕೋಣ ಅಂತ ಅಳತೆ ತೆಗೆದು ಕೊಯ್ದಿದ್ದ ಗಾಜು. ನಿನ್ನ ಕಾಲ್ಗುಣ ನೋಡು!

ಹ್ಞೂಂ, ಮೇಜಿನ ಮೇಲಿರೋದು ಅದೇ. ಮುಟ್ಟಬೇಡ! ನೋಡೋಕೆ ಬಂದೆಯಾ? ನೋಡಾಯ್ತಲ್ಲ, ಹೊರಡು. ಸಣ್ಣದಿದೆ, ಅಲ್ವಾ? ನನಗೂ ಹಾಗೇ ಅನ್ನಿಸ್ತು. ಮೀಸೆ ಸರಿಯಾಗಿ ಮೂಡದ ಹುಡುಗನ ಬದಲಿಗೆ ಇಷ್ಟು ಲೋಹ. ಕೆಂಪು ಮಖಮಲ್ಲು ಹಾಸಿ, ನಾಲ್ಕು ಮೂಲೆ ಕೂಡಿಸಿ, ಗೋಡೆಗೆ ನೇತುಹಾಕಿದರೆ ಮುಗೀತು. ಧೂಳೂ ಕೂರಲ್ಲ.

ಯಾಕೆ ತಲೆ ತಗ್ಗಿಸ್ತೀಯ? ಪದಕ ಕೊಟ್ಟ ಸಭೆಯಲ್ಲಿ ಓದಿ ಹೇಳಿದರು. ಗುಂಡು ಹಾರ್ತಿದ್ದಾಗ ಗಾಯಗೊಂಡ ಸಂಗಾತೀನ ಬೆನ್ನ ಮೇಲೆ ಹೊತ್ತು ತಂದನಂತೆ. ಹಳ್ಳದೊಳಗೆ ಅವನನ್ನ ಇಳಿಸಿ ತಾನು ಇಳಿಯೋದರೊಳಗೆ... ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮಾತ್ರ ಆ ಸಂಗಾತಿ ಎಷ್ಟು ಭಾರ ಇದ್ದನೋ ಅಂತ ಯೋಚಿಸ್ತಾ ಕೂತಿದ್ದೆ.

ನಗ್ತಿದೀಯಾ? ಇಲ್ವಾ? ಸರಿ. ಹೇಳು, ಎಷ್ಟು ತೂಕ ನೀನು? ಒಂದು ಬಿಂದಿಗೆ ನೀರು ತಾರೋ ಅಂದರೆ ಸೊಂಟ ನೋವು ಅಂತಿದ್ದ ಕಣೋ ನಮ್ಮ ಚಿಕ್ಕೋನು! ಗಾಜಿನ ಪೆಟ್ಟಿಗೆ ಬಂತು ಅಂದರೆ ಹಿಂಬಾಗಿಲಿಂದ ಮಾಯ. ನಾನೇ ಇಳಿಸಬೇಕು, ನಾನೇ ಅವನಿಗೆ ಬೈಬೇಕು, ಬೈದಿದ್ದಕ್ಕೆ ಅಮ್ಮ ನನಗೇ ಬೈಬೇಕು. ಅಂಥವನು ನಿನ್ನ ಹೊತ್ತ. ನಿನ್ನ!

ಪರದೆ ಕಡೆ ಯಾಕೆ ನೋಡ್ತೀಯ? ಒಳಕೋಣೆ, ಅಲ್ಲೇನಿಲ್ಲ. ನನ್ನ ಮುಖ ನೋಡಿ ಮಾತಾಡು... ಮಾತಾಡಬೇಡ! ಕೇಳು.

ಅಮ್ಮನ್ನ ನೋಡಬೇಕಾ? ಯಾಕೆ, ಕಾಲು ಹಿಡಿಯೋಕಾ? ಅವಳು ಬೈತಾಳೆ ಅಂದ್ಕೊಂಡೆಯಾ? ಬೈಯೋ ಹಾಗಿದ್ದರೆ ನಾನೇ ಕೈ ಹಿಡಿದು ಮೇಲೆ ಕರ್ಕೊಂಡು ಹೋಗ್ತಿದ್ದೆ! ಸಭೆಯಿಂದ ಬರ್ತಾ ಬಸ್ಸಲ್ಲೇ ಕೇಳಿದಳು, 'ಆ ಹುಡುಗ ಉಳಿದನೇನೋ? ಉಳಿದಿದ್ದರೆ ಕರ್ಕೊಂಡು ಬಾ. ಚಿಕ್ಕೋನ ಮಂಚ ಹಾಗೇ ಇದೆ. ಪ್ರಾಣ ಕೊಟ್ಟು ಉಳಿಸಿದ್ದಾನೆ ಅಲ್ವಾ, ಇನ್ನು ಅವನೇ ನನ್ನ ಮಗ' ಅಂತ. ಅವನೇ! ಪಕ್ಕದಲ್ಲಿ ನಾನು ಕೂತಿದ್ದೆ ಕಣೋ. ಅವಳ ಚೀಲ, ಅವಳ ಕನ್ನಡಕ, ಪದಕದ ಡಬ್ಬಿ, ಎಲ್ಲ ನನ್ನ ತೊಡೆ ಮೇಲೆ. ನಾನು ಯಾರು ಹಾಗಾದರೆ? ಬಾಡಿಗೆಗಿದ್ದವನಾ?

ನಾನೇನಂದೆ ಅಂತಾನಾ? ಏನೋ ಅಂದೆ. ಯಾವುದೋ ಆಸ್ಪತ್ರೆಯಲ್ಲಿದ್ದಾನಂತೆ, ಬರೋಕಾಗಲ್ಲವಂತೆ ಅಂದೆ. ನಂಬಿದಳು. ಆಯ್ತಲ್ಲ? ಹೊರಡು.

ಅಯ್ಯೋ, ಈ ಹಾಳು ಗಾಳಿ! ಬಾಗಿಲು ಹಾಕು... ಪರದೆ... ಅತ್ತ ನೋಡಬೇಡ ಅಂದೆನಲ್ಲ! ಯಾಕೆ ಹಾಗೆ ನಿಂತುಬಿಟ್ಟೆ? ಒಂದು ನಮ್ಮ ಚಿಕ್ಕೋನ ಫೋಟೋ. ಇನ್ನೊಂದು... ಯಾರೋ ಗಿರಾಕಿದು. ಕಟ್ಟು ಹಾಕೋಕೆ ಕೊಟ್ಟು ತಗೊಂಡು ಹೋಗೇ ಇಲ್ಲ.

ಮಾತಾಡೋ. ಬೈಯಿ. ಹೊಡಿ ಬೇಕಾದರೆ, ಕೋಲಿದೆಯಲ್ಲ! ಹೀಗೆ ಮುಖ ತೋರಿಸಬೇಡ. ಆ ಮುಖ ಗೋಡೆ ಮೇಲೆ ದಿನಾ ನೋಡಿ ನೋಡಿ ಸಾಕಾಗಿದೆ ನನಗೆ!

...ಹೌದು. ನಿನ್ನದೇ. ಆಸ್ಪತ್ರೆಯಲ್ಲಿ ಅವನೂ ಉಳೀಲಿಲ್ಲಮ್ಮ ಅಂದೆ. ಅದೇ ಫೋಟೋ ಮಧ್ಯಕ್ಕೆ ಕತ್ತರಿಸಿ, ದೊಡ್ಡದು ಮಾಡಿಸಿ, ಮೂಲೆಗೆ ಕಪ್ಪು ಪಟ್ಟಿ ನಾನೇ ಅಂಟಿಸಿದೆ. ತಮ್ಮನ ಪದಕಕ್ಕೆ ಕಟ್ಟು ಹಾಕೋಕೆ ಇವತ್ತಿನವರೆಗೂ ಕೈ ಬರಲಿಲ್ಲ, ನಿನ್ನ ಮುಖಕ್ಕೆ ಮಾತ್ರ ಅವತ್ತೇ ಹಾಕಿದೆ. ಎಷ್ಟು ಕತ್ತರಿಸಿದರೂ ನಿನ್ನ ಹೆಗಲ ಮೇಲೆ ಅವನ ಬೆರಳು ಉಳಿದೇಬಿಟ್ಟಿತು, ನೋಡು. ಆಸೆ ಬಿಡಲಿ ಅಂತ ಹೇಳಿದೆ ಕಣೋ. ಬಿಟ್ಟಳಾ? ಒಬ್ಬನಿಗೆ ಅಳ್ತಿದ್ದವಳು ಈಗ ಇಬ್ಬರಿಗೆ ಅಳ್ತಾಳೆ. ದಿನಾ ಎರಡು ಲೋಟದಲ್ಲಿ ಹೂವು ತಂದು ಎರಡು ಫೋಟೋ ಮುಂದೆ ಇಡ್ತಾಳೆ.

ಎಲ್ಲಿಗೆ? ಯಾಕೆ ತಿರುಗಿದೆ? ಅಷ್ಟು ಬಾಯಿ ಬಡ್ಕೊಂಡೆ, ಆಗ ಹೋಗಲಿಲ್ಲ, ಈಗ ಹೊರಟೆಯಾ? ನನ್ನ ಮಾನ ಉಳೀಲಿ ಅಂತ ಸತ್ತವನಾಗೇ ಇರ್ತೀಯಾ? ಇನ್ನೊಬ್ಬರನ್ನ ಹೊರೋ ಚಟ ನಿನಗೂ ಅಂಟಿಸಿದನಾ ಅವನು?

ಶ್! ಮೆಟ್ಟಿಲು... ಇಳೀತಿದ್ದಾಳೆ. ನಿಲ್ಲು. ನಿಲ್ಲೋ, ಹಾಳಾದೋನೇ, ಅಲ್ಲೇ ನಿಲ್ಲು!

ಅಮ್ಮಾ... ನಿಧಾನ, ಗಾಜಿದೆ. ಒಂದು ಲೋಟ ಸಾಕು ಇವತ್ತು. ಇನ್ನೊಂದು... ಅಲ್ಲೇ ಮೆಟ್ಟಿಲ ಮೇಲೆ ಇಟ್ಟು ಬಾ.