ಆಳಲ್ಲ, ತಮ್ಮ

ಪ್ರಿಯರೇ, ದೇವರು ಕ್ಷಮಿಸುತ್ತಾನೆ ಅಂದರೆ ನೀವೆಲ್ಲ ಆಮೆನ್ ಅನ್ನುತ್ತೀರಿ. ನಿಮ್ಮನ್ನೂ ಕ್ಷಮಿಸಿದ್ದಾನೆ ಅಂದರೆ ಮಾತ್ರ ತಲೆ ತಗ್ಗಿಸುತ್ತೀರಿ. ಯಾಕೆ? ಗದಗಿನ ಕಡೆ ಒಂದು ಊರಲ್ಲಿದ್ದ ಅಣ್ಣತಮ್ಮಂದಿರ ಕಥೆ ಹೇಳುತ್ತೇನೆ, ಕೇಳಿ.

ಅಣ್ಣ ಏಲಿಯಪ್ಪ ಚರ್ಚಿನ ಸಭೆಯಲ್ಲಿ ಹಾರ್ಮೋನಿಯಂ ನುಡಿಸುವವನು. ಅವನು ಪೆಟ್ಟಿಗೆಯ ಮುಂದೆ ಕೂತರೆ ಹಾಡಲು ಬಾರದವರೂ ಬಾಯಿ ತೆರೆಯುತ್ತಿದ್ದರು. ತಮ್ಮ ಗಿದ್ಯೋನನಿಗೆ ಕುಡಿತ. ಒಂದು ಮಧ್ಯಾಹ್ನ ಕುಡಿದು ಬಂದು ಜಗಳ ತೆಗೆದ, ಅಣ್ಣನನ್ನು ಮಾಳಿಗೆಯ ಮೆಟ್ಟಿಲ ಮೇಲಿಂದ ನೂಕಿದ. ಬಲಗೈ ಮುರಿಯಿತು. ಮೂಳೆಯೇನೋ ಕೂಡಿತು, ಬೆರಳುಗಳನ್ನು ಮಾತ್ರ ಮತ್ತೆ ಮಡಚಲು ಆಗಲೇ ಇಲ್ಲ, ಹಾರ್ಮೋನಿಯಂ ನಿಂತುಹೋಯಿತು.

ಆಸ್ಪತ್ರೆಯಲ್ಲಿ ಗಿದ್ಯೋನ ಅಣ್ಣನ ಕಾಲು ಹಿಡಿದು ಅತ್ತ. "ನಿನ್ನ ಕ್ಷಮಿಸೀನಿ, ಏಳು" ಅಂದ ಏಲಿಯಪ್ಪ. ಊರವರು ಕೇಳಿದಾಗ ಗಿದ್ಯೋನ ಏನು ಹೇಳಿದ? "ಅಣ್ಣ ಕಾಲು ಜಾರಿ ಬಿದ್ದ." ತಮ್ಮನ ಮರ್ಯಾದೆ ಉಳಿಯಲಿ ಎಂದು ಏಲಿಯಪ್ಪನೂ ಸುಮ್ಮನಿದ್ದ.

ಗಿದ್ಯೋನ ಕುಡಿತ ಬಿಟ್ಟ. ಒಳ್ಳೆಯದಾಯಿತು ಅಂದಿರಾ? ಇರಿ. ಬೆಳಗಾದರೆ ಅಣ್ಣನ ಮನೆಗೆ ನೀರು ಹೊತ್ತ, ಕಟ್ಟಿಗೆ ಒಡೆದ, ಅಂಗಳ ಗುಡಿಸಿದ. ಅತ್ತಿಗೆ ಚಹಾ ಕೊಟ್ಟರೆ ಹೊಸ್ತಿಲಾಚೆಯೇ ನಿಂತು ಕುಡಿದ. ಭಾನುವಾರ ದೇವಾಲಯದ ಹೊರಗೆ ಕಟ್ಟೆಯ ಮೇಲೆ ಕೂತ. ವರ್ಷಗಟ್ಟಲೆ ಹೀಗೇ. ನೋಡಿ, ನೀರು ಹೊತ್ತರೆ ಪಾಪ ತೀರುತ್ತದೆಯೇ? ಕಟ್ಟಿಗೆ ಒಡೆದರೆ ತೀರುತ್ತದೆಯೇ?

ಗಿದ್ಯೋನನ ಮಗಳು ಸುವಾರ್ತೆಗೆ ಮದುವೆ ಗೊತ್ತಾಯಿತು. ಸಭೆಗೆ ಅದನ್ನು ತಿಳಿಸುವ ಭಾನುವಾರ ಬೀಗರು ಬಂದು ಮುಂದಿನ ಬೆಂಚಿನಲ್ಲಿ ಕೂತರು. ಹುಡುಗಿಯ ತಂದೆ ಅಂದೂ ಹೊರಗೇ. ಏಲಿಯಪ್ಪ ಎದ್ದು ಅವನ ಬಳಿ ಬಂದ.

"ಒಳಗ ಬಾರೋ."

"ನನಗ ಆ ಯೋಗ್ಯತಿ ಇಲ್ಲಣ್ಣ."

"ಅವತ್ತ ಕ್ಷಮಿಸೀನಿ ಅಂದೆ. ನೀ ಇನ್ನೂ ಅದನ್ನ ತಗೊಂಡಿಲ್ಲ. ದಿನಾ ನೀರ ಹೊತ್ತು ನನ್ನ ಮಾತ ಸುಳ್ಳ ಮಾಡಾಕತ್ತಿ. ನನಗ ಆಳು ಬ್ಯಾಡೋ, ತಮ್ಮ ಬೇಕು."

ಗಿದ್ಯೋನ ಎದ್ದ. ಅಳುತ್ತ ಒಳಗೆ ಬಂದ. ಬಂದವನು ಕೂರಲಿಲ್ಲ, ಪ್ರಿಯರೇ, ಕೂರಲಿಲ್ಲ. ಕ್ಷಮೆ ಎದೆಗಿಳಿದ ಮೇಲೆ ಸುಳ್ಳು ಅಲ್ಲಿ ಹೇಗೆ ಉಳಿದೀತು?

"ನಮ್ಮಣ್ಣ ಕಾಲ ಜಾರಿ ಬಿದ್ದಿಲ್ಲ. ಕುಡದು ನಾನ ನೂಕೀನಿ. ಅವ ನನ್ನ ಕ್ಷಮಿಸ್ಯಾನ, ದೇವರೂ ಕ್ಷಮಿಸ್ಯಾನ. ನಿಮಗೆಲ್ಲ ನಾ ಸುಳ್ಳ ಹೇಳಿದ್ದೆ."

ಬೀಗರು ಎದ್ದು ಹೋದರು. ಸಂಬಂಧ ಮುರಿಯಿತು. ಹೌದು, ಮುರಿಯಿತು. ಸತ್ಯ ಹೇಳಿದ ಕೂಡಲೇ ಕೊರಳಿಗೆ ಹಾರ ಬೀಳುತ್ತದೆಂದು ನಾನು ನಿಮಗೆ ಹೇಳಲಾರೆ. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸುವಾರ್ತೆ ಮಾತ್ರ ಎದ್ದು ಬಂದು ತಂದೆಯ ಕೈ ಹಿಡಿದಳು.

"ಅಪ್ಪಾ, ಈ ಸುಳ್ಳ ಹೊತ್ಕೊಂಡು ನಾ ಆ ಮನಿಗೆ ಹೋಗೂದು ತಪ್ಪಿತು. ಬಾ, ನನ್ನ ಬಾಜೂಕ ಕೂಡು."

ಏಲಿಯಪ್ಪ ನಿಂತಲ್ಲೇ ಹಾಡು ಎತ್ತಿಕೊಂಡ. ವಾದ್ಯವಿಲ್ಲ, ತಾಳವಿಲ್ಲ, ಸಭೆಗೆ ಸಭೆಯೇ ಎದ್ದು ಹಾಡಿತು. ಗಿದ್ಯೋನ ಅಣ್ಣನ ಪಕ್ಕ ಮೊಣಕಾಲೂರಿ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡ. ಮಧ್ಯಾಹ್ನ ಅಣ್ಣನ ಮನೆಯ ಒಳಗೆ ಕೂತು ಹೊಟ್ಟೆ ತುಂಬ ಉಂಡ.

ಈಗ ನಿಮ್ಮ ಮಾತಿಗೆ ಬರೋಣ. ಯೇಸು ನಮ್ಮ ಪಾಪದ ದಂಡನೆ ಹೊತ್ತು ಶಿಲುಬೆಯ ಮೇಲೆ ಮುಗಿಸಿದ ಕೆಲಸವನ್ನು ನೀವು ಯಾಕೆ ಮತ್ತೆ ಶುರು ಮಾಡುತ್ತೀರಿ? ಹಳೆಯ ತಪ್ಪಿಗಾಗಿ ನಿಮ್ಮನ್ನು ನೀವೇ ದಂಡಿಸಿಕೊಂಡದ್ದು ಸಾಕು. ಕ್ಷಮೆಯನ್ನು ಇವತ್ತೇ ತೆಗೆದುಕೊಳ್ಳಿ. ತೆಗೆದುಕೊಂಡವರು ನೆಟ್ಟಗೆ ಬಾಳಿ. ಅಂಗಡಿಯವರೇ, ನಾಳೆ ಹಳೆಯ ಮಾಲನ್ನು ಹಳೆಯದೆಂದೇ ಹೇಳಿ ಮಾರಿ. ಆಫೀಸಿಗೆ ಹೋಗುವವರೇ, ನಿಮ್ಮ ತಪ್ಪನ್ನು ಬೇರೆಯವರ ತಲೆಗೆ ಕಟ್ಟಿದ್ದರೆ ಹೋಗಿ ಅವರನ್ನು ಬಿಡಿಸಿ. ಗಂಡಂದಿರೇ, ಹೆಂಡತಿಗೆ ಹೇಳಿದ ಸುಳ್ಳೊಂದು ಮನೆಯಲ್ಲಿದ್ದರೆ ಇವತ್ತಿನ ಊಟಕ್ಕೆ ಮೊದಲು ಬಾಯಿ ಬಿಡಿ. ಬೈಗುಳ ಬೀಳಬಹುದು, ನಷ್ಟವಾಗಬಹುದು. ಆಗಲಿ. ಬೈಸಿಕೊಳ್ಳುವ ಹೊತ್ತಿನಲ್ಲೂ ನೀವು ದೇವರಿಗೆ ಬೇಕಾದವರೇ. ಇನ್ನೇನು ಹೆದರಿಕೆ? ಏಳಿ, ಹೋಗಿ ಹೇಳಿ.