ಒಂಬತ್ತು ಪಾಯಿಂಟ್ ಮೂರು

ಬಸ್ಸಿನಲ್ಲಿ ಒಂದಿಷ್ಟು ತೂಕಡಿಸೋಣ ಎಂದು ಕೂತಿದ್ದ ದರ್ಜಿಗೆ, ಮುಂದಿನ ಸೀಟಿನ ತಾಯಿ ಮಗಳು ಅದಕ್ಕೆ ಆಸ್ಪದವನ್ನೇ ಕೊಡಲಿಲ್ಲ. ತಾಯಿ ನರ್ಸ್, ಇನ್ನೂ ಸಮವಸ್ತ್ರದಲ್ಲೇ ಇದ್ದಳು. ಮಗಳು ಮೊಬೈಲು ಹಿಡಿದು ಮುಖ ಗಂಟಿಕ್ಕಿಕೊಂಡಿದ್ದಳು.

“ನಿನ್ನ ಪ್ರಯೋಗಕ್ಕೆ ಅಂತ ಕಿಟಕಿ ಸರಳಿಗೆ ದಾರದಲ್ಲಿ ಬೀಗ ತೂಗುಹಾಕಿ, ಅದು ಎಷ್ಟು ಸಲ ತೂಗಾಡುತ್ತೆ ಅಂತ ಎರಡು ದಿನ ಎಣಿಸಿದ್ದು ನಾನು. ಲೆಕ್ಕ ಹಾಕಿದಾಗ ಬಂದಿದ್ದು ಒಂಬತ್ತು ಪಾಯಿಂಟ್ ಮೂರು. ನೀನು ಒಂಬತ್ತು ಪಾಯಿಂಟ್ ಎಂಟು ಅಂತ ಹೇಗೆ ಕಳಿಸಿದೆ?” ತಾಯಿ ಕೇಳಿದಳು.

“ಪುಸ್ತಕದಲ್ಲಿ ಗುರುತ್ವ ಅಷ್ಟೇ ಇರೋದಮ್ಮ.”

“ಪುಸ್ತಕ ನೋಡಿ ಬರೆಯೋದಕ್ಕೆ ನನ್ನ ರಜಾ ಯಾಕೆ ಹಾಳು ಮಾಡಿದೆ?”

“ಆನ್‌ಲೈನ್ ಕ್ಲಾಸಮ್ಮ ಇದು. ಫಿಸಿಕ್ಸ್ ಮೇಷ್ಟ್ರ ಮುಖನೇ ನಾನು ನೋಡಿಲ್ಲ. ತಿದ್ದೋದು ಕಂಪ್ಯೂಟರು. ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಸೊನ್ನೆ. ಹನ್ನೆರಡನೇ ಕ್ಲಾಸು ಫೇಲಾದ್ರೆ ನೀನೇ ಬೈತೀಯ. ಬದಲಾಯಿಸಿದ್ದು ಯಾರಿಗೆ ಗೊತ್ತಾಗುತ್ತೆ?”

“ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ್ರೆ ಜಗತ್ತಿಗೆ ಗೊತ್ತಾಗಲ್ವಾ?”

“ನಿಮ್ಮ ವಾರ್ಡಲ್ಲಿ ನಾಡಿ ಮುಟ್ಟದೇನೇ ಎಪ್ಪತ್ತೆರಡು ಅಂತ ಬರೀತಾರೆ ಅಂತ ನೀನೇ ಹೇಳಿದ್ದೆ. ನೀನು ಒಂದು ಸಲನೂ ಬರೆದಿಲ್ವಾ?”

ಕಪಾಳಕ್ಕೆ ಬಿತ್ತು ಎಂದೇ ದರ್ಜಿ ಅಂದುಕೊಂಡ. ಬೀಳಲಿಲ್ಲ. ಸ್ಟಾಪ್ ಬಂತು. ತಾಯಿ ಚೀಲ ಹೆಗಲಿಗೇರಿಸಿ ಎದ್ದಳು.

“ಒಂದೇ ಒಂದು ಸಲ, ಒಬ್ಬ ಅಜ್ಜಿಗೆ ಹಾಗೆ ಬರೆದೆ. ಸಂಜೆ ಹೊತ್ತಿಗೆ ಆ ಅಜ್ಜಿ ಇರಲಿಲ್ಲ.”

ಮಗಳು ಮೊಬೈಲು ಒಳಗಿಟ್ಟು ಎದ್ದಳು.

“ಇಳಿ. ಬೀಗ ಇನ್ನೂ ಕಿಟಕೀಲೇ ನೇತಾಡ್ತಿದೆ. ಈ ಸಲ ನೀನೇ ಎಣಿಸು.”