ಅಪ್‌ಡೇಟದಾಗ ಹೋದ ಫೋಟೋಗಳು

…ಇಲ್ಲವ್ವಾ, ಮಷಿನ್ ಸತ್ತದ ಅಂತ ನಾ ಎಲ್ಲಿ ಅಂದೆ? ನೋಡಲ್ಲೆ, ಲೈಟ್ ಹತ್ತೇದ, ಪಂಖಾ ತಿರಗಾಕತ್ತದ. ಕಂಪ್ಯೂಟರ್ ನಡೀತದ. ಒಳಗಿಂದು ಉಳದಿಲ್ಲ ಅಂದೆ. ಎರಡೂ ಬ್ಯಾರೆ ಬ್ಯಾರೆ. ಮೊದಲ ಕೂಡು ನೀ. ಅಯ್ಯ, ನೆಲದ ಮ್ಯಾಲ ಯಾಕ? ಸ್ಟೂಲ್ ಅದ ಅಲ್ಲ! ಹುಲಿಗೆವ್ವ, ನೀ ನಮ್ಮ ಮಂದಿ. ನೀ ನೆಲಕ್ಕ ಕೂತ್ರ ಈ ಅಮರನ ಮರ್ಯಾದಿ ಏನ ಉಳೀತು?

ಬ್ಯಾಡಾ? ಆತು, ನಿನ್ನ ಮರ್ಜಿ. ಚಾ ಹೇಳಲಿ? ಅದೂ ಬ್ಯಾಡ.

ಕೇಳಿಲ್ಲೆ, ನಿನಗ ತಿಳಿಯೂಹಂಗ ಹೇಳ್ತೀನಿ. ನೀವು ಸ್ಲ್ಯಾಬ್ ಹಾಕ್ತೀರಿ ಹೌದಿಲ್ಲೊ? ಅರ್ಧಾ ಸ್ಲ್ಯಾಬ್ ಆಗಿರ್ತದ, ಮಿಕ್ಸರ್ ಗಪ್ಪನ ನಿಲ್ತದ. ಆಗ ಏನಾಗ್ತದ? ಹಾಕಿದ್ದು ಬಿಗೀತದ, ಉಳದದ್ದು ಖಾಲಿ. ಆ ಸ್ಲ್ಯಾಬ್ ಯಾವ ಕೆಲಸಕ್ಕ ಬಂತು? ಕಂಪ್ಯೂಟರ್‌ದಾಗೂ ಹಂಗ. ಒಳಗಿನ ಸಿಸ್ಟಮ್ಮಿಗೆ ಆಗಾಗ ಹೊಸಾದು ಹಾಕ್ಬೇಕಾಗ್ತದ. ಅಪ್‌ಡೇಟ್ ಅಂತಾರ. ರೇಣು ಬಾಯಾರು ಮನ್ಯಾಗ ಹಾಕಾಕ ಹೋದ್ರು, ಮೂವತ್ತೇಳು ಪರ್ಸೆಂಟ್ ಮ್ಯಾಲ ನಿಂತು ಬಿಡ್ತು. ಬಂದ್ ಮಾಡಬ್ಯಾಡ್ರಿ ಅಂತ ಪಡದೇದ ಮ್ಯಾಲ ಬರದಿತ್ತಂತ. ಪಾಪ, ಸಾಲಿ ಕಲಸೂ ಮಂದಿ, ಬರದದ್ದು ಓದಿ ನಂಬತಾರ. ಎರಡ ದಿನ ಹಂಗ ಬಿಟ್ಟು ಕಾಯ್ಕೋತ ಕೂತಾರ!

ಯಾಕ ನಗತಿ? ನಗಲಿಲ್ಲಾ… ನಕ್ಕಂಗ ಕಂಡಿತು.

ಬುಧವಾರ ರಿಕ್ಷಾದಾಗ ಹಾಕ್ಕೊಂಡು ಇಲ್ಲಿ ತಂದ್ರು. ನಾ ಏನ ಕೈ ಕಟ್ಟಿ ಕೂತಿಲ್ಲ ಮತ್ತ. ಹತ್ತ ಸಲ ಬಂದ್ ಮಾಡಿ ಚಾಲೂ ಮಾಡಿದೆ. ಸೀಡಿ ಹಾಕಿದೆ. ಮೂವತ್ತೇಳು ಬಿಟ್ಟು ಮೂವತ್ತೆಂಟ ಆಗವಲ್ಲದು! ಗುರುವಾರ ಒಂದೀಟು ಮುಂದ ಸರದಿತ್ತು, ಅಷ್ಟರಾಗ ಕರೆಂಟ್ ಹೋತು. ಗುರುವಾರ ನಮ್ಮ ಈ ಬಿಬವೇವಾಡಿ ಓಣ್ಯಾಗ ದಿನಪೂರ್ತಿ ಕರೆಂಟ್ ಇರಂಗಿಲ್ಲ, ನಿನಗೂ ಗೊತ್ತದ. ದೇವರು ಕೊಟ್ರೂ ಪೂಜಾರಿ ಕೊಡವಲ್ಲ ಅಂತಾರಲ್ಲ, ಹಂಗ. ಹೊಳ್ಳಿ ಚಾಲೂ ಮಾಡಿದ್ರ ಎಲ್ಲಾ ಸಾಫ್. ನಾ ಒಳಗ ಇಣಕಿ ನೋಡಾಕೂ ಆಗಲಿಲ್ಲ. ಮುಗೀತು.

“ಹೋ ಕಾಕಾ! ಸಂಧ್ಯಾಕಾಳೀ ಯಾ, ಸಂಧ್ಯಾಕಾಳೀ!” …ಏನಿಲ್ಲ, ಆ ಮುದುಕನ ಪ್ರಿಂಟರ್. ಸಂಜೀಕ ಬರ್ರಿ ಅಂದೆ.

ಹಂಗ ಕೂತ್ರ ಹೆಂಗವ್ವಾ? ಏನರ ಅನ್ನು. ಸೋಮವಾರ ಕೋರ್ಟಿನ ತಾರೀಖ ಅದ, ಗೊತ್ತದ ನನಗ. ಗುರಣ್ಣ ಕುಡದು ಬಿದ್ದ ಅಂತ ಆ ಬಿಲ್ಡರ್ ಮಂದಿ ಬರದುಕೊಟ್ಟಾರ, ಅದೂ ಗೊತ್ತದ. ಕುಡೀತಿದ್ದಿಲ್ಲ ಅವ. ಸೈಟಿನ ಮಂದಿಗೆಲ್ಲಾ ಗೊತ್ತು ಕುಡೀತಿದ್ದಿಲ್ಲ ಅಂತ. ಆದ್ರ ಸೈಟಿನ ಮಂದಿ ಬಾಯಿ ಬಿಡ್ತಾರೇನು? ನಾಳೆ ಅವರಿಗೂ ಕೂಲಿ ಬೇಕು. ನಾ ಅವರಿಗೆ ಏನೂ ಅನ್ನಾಂವ ಅಲ್ಲ. ಹೊಟ್ಟಿ ಎಲ್ಲಾರಿಗೂ ಅದ.

ಗಂಡ ಹೋದ, ಅದರ ಮ್ಯಾಲ ಕುಡುಕ ಅನ್ನೂ ಹೆಸರು ಬ್ಯಾರೆ. ಭಾಳ ಕೆಟ್ಟ ಅನಸ್ತದವ್ವಾ. ಖರೇನ ಹೇಳ್ತೀನಿ, ಎರಡ ರಾತ್ರಿ ನಿದ್ದಿ ಬಂದಿಲ್ಲ ನನಗ.

ಆದ್ರ ಒಂದು ಮಾತು. ಸಿಟ್ಟಾಗಬ್ಯಾಡ. ಅವ ಬಿದ್ದ ದಿನ ಬಾಯಾರು ಸೈಟಿನಾಗ ತಗದ ಆ ಫೋಟೋ ಇದ್ದಿದ್ರೂ ಏನ ಆಗ್ತಿತ್ತು? ಅವರ ವಕೀಲ ಏನ ಹುಚ್ಚೇನು? ಆಸರಕ್ಕ ಕಟ್ಟಿದ ಹಗ್ಗ ಹರದದ ಅಂತ ನೀವು ಅಂತೀರಿ. ಹಗ್ಗ ಅಲ್ಲ, ಚಪ್ಪಲಿ ಜಾರಿ ಬಿದ್ದ ಅಂತ ಅವ ಅಂತಾನ. ಹಲಗಿ ಮ್ಯಾಲ ಒಂದ ಹವಾಯಿ ಚಪ್ಪಲಿ ಉಳದದ, ಎಡಗಾಲಿಂದು, ಪಟ್ಟಿ ಹರದದ್ದಕ್ಕ ಬೈಂಡಿಂಗ್ ತಂತಿ ಸುತ್ತೇದ. ಇಂಥಾ ಚಪ್ಪಲಿ ಹಾಕ್ಕೊಂಡು ಮೂರನೇ ಮಜಲಿ ಏರಿದ್ರ ಬೀಳದ ಏನ ಆಗ್ತದ ಅಂತ ಕೇಳ್ತಾನ. ಏನ ಹೇಳ್ತಿ ಆಗ? ಏನ…

ಯಾಕ ಹಂಗ ನೋಡಾಕತ್ತಿ?

ರೇಣು ಬಾಯಾರು ಹೇಳಿದ್ರು. ಚಪ್ಪಲಿ ವಿಷಯ… ಮಷಿನ್ ತಂದಾಗ ಹೇಳಿದ್ರು. ಹೇಳಿರಬೇಕು. ಇಲ್ಲಾ, ಯಾರೋ ಸೈಟಿನವರು… ತಂತಿ ಯಾರು ಸುತ್ತಿದ್ದು? ಕೈ ಯಾಕ ಮುಂದ ಮಾಡ್ತಿ? …ನೀನಾ? ನೀನ ಸುತ್ತಿಕೊಟ್ಟಿದ್ದಾ? ಅವತ್ತ ಮುಂಜಾನೆ?

…

ಹೌದು. ನಿನ್ನ ಬಿಟ್ರ, ಫೋಟೋ ನೋಡಿದವಗ ಅಷ್ಟ ಆ ತಂತಿ ಗೊತ್ತಿರ್ತದ. ಬಾಯಿ ಬಿಟ್ಟರ ಬಣ್ಣಗೇಡು.

ಹುಲಿಗೆವ್ವ, ನೀ ಒದರ್ಯಾಡು. ಬೈಯಿ. ನಿಮ್ಮ ಕಡೆ ಹೆಣ್ಣಮಕ್ಕಳು ಎದಿ ಬಡಕೊಂಡು ಶಾಪ ಹಾಕ್ತಾರಲ್ಲ, ಹಾಕು. ಹಿಂಗ ಕಣ್ಣ ಪಿಳುಕಿಸದ ಕೂಡಬ್ಯಾಡ. ನನಗ ಆಗವಲ್ಲದು.

ಬುಧವಾರ ಸಂಜೀಕನ ಚಾಲೂ ಆಗಿತ್ತು. ಅರ್ಧಾ ತಾಸಿನ ಕೆಲಸ. ಅಪ್‌ಡೇಟ್ ತಗದು ಒಗದೆ, ಹಳೇದು ಹೊಳ್ಳಿ ಕೂಡಿಸಿದೆ, ಚಾಲೂ ಆತು. ಎಲ್ಲಾ ಸರಿ ಅದ ಏನ ಅಂತ ನಾಕ ಫೋಟೋ ತೆಗದು ನೋಡೂದು ನಮ್ಮ ಧಂದೇದಾಗ ರೂಢಿ. ನೋಡಿದೆ. ಸೈಟ್ ಗುರ್ತ ಸಿಕ್ತು. ಹಳೇ ಹಗ್ಗ, ಪುಂಡೀನಾರಿನಂಗ ಬಿಚ್ಚಿಕೊಂಡಿತ್ತು. ಕೆಳಗ ಜಾಳಿಗಿ ಇಲ್ಲ, ಏನಿಲ್ಲ. ಮರುದಿನ ಅವರು ಹೊಸಾ ಹಗ್ಗ, ಹೊಸಾ ಜಾಳಿಗಿ ಕಟ್ಟಿದ್ದು ನಾ ನನ್ನ ಕಣ್ಣಿಲೆ ನೋಡೀನಿ. ಯಾಕಂದ್ರ ನಾ ಅಲ್ಲಿ ಹೋಗಿಬರ್ತೀನಿ. ಅವರ ಆಫೀಸಿನಾಗ ಹನ್ನೆರಡ ಕಂಪ್ಯೂಟರ್ ಅವ. ಹನ್ನೆರಡೂ ನಾನ ನೋಡ್ಕೋತೀನಿ.

ಗುರುವಾರ ಇಲ್ಲಿ ಕರೆಂಟ್ ಇರಂಗಿಲ್ಲಲ್ಲ, ಅಂಗಡಿ ಬಂದ್ ಮಾಡಿ ಅಲ್ಲಿ ಹೋಗ್ತೀನಿ. ಅವರಿಗೆ ಜನರೇಟರ್ ಅದ. ಬಾಯಾರ ಕಂಪ್ಯೂಟರ್ ಗುರುವಾರ ಚಾಲೂನ ಇದ್ದಿಲ್ಲ ಹುಲಿಗೆವ್ವ. ಇಲ್ಲೇ, ಈ ಮೂಲ್ಯಾಗ ಗೋಣಿಚೀಲ ಹೊಚ್ಚಿಕೊಂಡು ಕೂತಿತ್ತು.

ಅಲ್ಲಿ ಇಂಜಿನಿಯರ್ ಚಾ ತರಿಸಿದ. ಮಾತಿಗೆ ಮಾತು ಬಂತು… ಸುಳ್ಳು. ಮಾತಿಗೆ ಮಾತು ಬಂದಿದ್ದಿಲ್ಲ. ಯಾರೂ ಕೇಳಿದ್ದಿಲ್ಲ! ನಾನ ಹೇಳಿದೆ. “ಸಾಹೇಬ್ರ, ಅಪ್‌ಡೇಟದಾಗ ನಿಂತ ಮಷಿನ್ ಒಂದು ನನ್ನ ಅಂಗಡಿಗೆ ಬಂದದ, ಅದರಾಗ ನಿಮ್ಮ ಸೈಟಿನ ಫೋಟೋ ಒಂದಿಷ್ಟು ಅವ ನೋಡ್ರಿ” ಅಂತ. ಯಾಕ ಹೇಳಿದೆ? ದೊಡ್ಡವ ಆಗಾಕ. ಒಂಬತ್ತ ವರ್ಷ ಅವರ ಬಾಗಲಾ ತುಳದೀನಿ, ಒಂದ ದಿನ ಕೂಡು ಅಂದಿದ್ದಿಲ್ಲ ಆ ಮನಷ್ಯಾ. ಬೆಂಚಿನ ಕೆಳಗ ಬಗ್ಗಿ ವಾಯರ್ ಜೋಡಿಸಿ ಬಂದಾವ ನಾ. ಅವತ್ತ ಕುರ್ಚಿ ಎಳದು ಕೊಟ್ಟ. ಬಾಗಲಾ ಹಾಕಿದ. “ಆ ಮಷಿನ್ ಅಪ್‌ಡೇಟದಾಗ ಕೆಟ್ಟು ಹೋತಲ್ಲ?” ಅಂತ ಅವನ ಕೇಳಿದ. ಹೂಂ ಅಂದೆ.

ಅಷ್ಟ. ರೊಕ್ಕ ಕೊಟ್ರೇನು ಅಂತ ಕೇಳಬ್ಯಾಡ. ಕೊಡಲಿಲ್ಲ. ಕೊಟ್ಟಿದ್ರ ಒಂದ ಲೆಕ್ಕ. ಬರೇ ಕುರ್ಚಿ ಕೊಟ್ರು. ಶುಕ್ರವಾರ ಮುಂಜಾನೆ ಬಂದು ಎಲ್ಲಾ ಅಳಿಸಿದೆ. ಒಮ್ಮೆ ಅಳಿಸಿದ್ರ ಶಾಣ್ಯಾ ಮಂದಿ ಹೊಳ್ಳಿ ತಗೀತಾರ, ಅದಕ್ಕ ಅದರ ಮ್ಯಾಲ ಮತ್ತೊಂದು ಬರದು ಮತ್ತ ಅಳಿಸಿದೆ. ಎಷ್ಟು ಚಲೋ ಕೆಲಸ ಮಾಡೀನಿ ನೋಡು! ಹತ್ತ ವರ್ಷದಾಗ ಇಷ್ಟು ಚಂದ ಯಾವ ಕೆಲಸಾನೂ ಮಾಡಿಲ್ಲ ನಾ.

ಕ್ಯಾಮೆರಾದಾಗ ಉಳದಿರಬೇಕಲ್ಲ ಅಂತ ಬುಧವಾರನ ಕೇಳಿದ್ದೆ ಬಾಯಾರಿಗೆ. ಕಂಪ್ಯೂಟರ್‌ಗೆ ಹಾಕಿದ ಮ್ಯಾಲ ಕ್ಯಾಮೆರಾದಾಗಿಂದು ಅಳಿಸೀನಿ ಅಂದ್ರು. ಸಾಲಿ ಹುಡುಗರ ಫೋಟೋ ತಗೀಬೇಕಿತ್ತಂತ.

ನೀವಾದ್ರೂ ನನ್ನ ಕಡೆ ಯಾಕ ಬಂದ್ರಿ? ಹಾಂ? ಈ ರೋಡಿನಾಗ ನಾಕ ಅಂಗಡಿ ಅವ. ಮರಾಠಿ ಹುಡುಗ ಇದ್ದಾನ ಎದುರಿಗೇ, ನನಗಿಂತ ಶಾಣ್ಯಾ. ಅವನ ಕಡೆ ಹೋಗಿದ್ರ ಅರ್ಧಾ ತಾಸಿನಾಗ ರಿಪೇರಿ ಮಾಡಿ ಕೊಡ್ತಿದ್ದ, ಫೋಟೋದಾಗ ಏನದ ಅಂತ ತಿರುಗಿ ನೋಡ್ತಿದ್ದಿಲ್ಲ. ಕನ್ನಡದಾವ ಇದ್ದಾನ, ನಮ್ಮಾವ, ಮೋಸಾ ಮಾಡಂಗಿಲ್ಲ ಅಂತ ನೀನ ಬಾಯಾರನ್ನ ಕರಕೊಂಡು ಬಂದಿ. ನೀನ! ನಾ ನಿಮ್ಮ ನುಡಿ ಆಡಿದ್ದಕ್ಕ… ನೀ ನಂಬಿದ್ದು ತಪ್ಪು ಅನ್ನಾಕತ್ತಿಲ್ಲ ನಾ. ಏನ ಅನ್ನಾಕತ್ತೀನಿ ನನಗ ತಿಳೀವಲ್ಲದು.

ಏನದು, ಸೆರಗಿನ ಗಂಟಿನಾಗ? ಚೀಟಿ… ಬಾಯಾರ ಸಾಲಿ ಫೋನ್ ನಂಬರ್. ಯಾಕ ನನ್ನ ಕಡೆ ಸರಸಿದಿ?

ನಾನ ಹೇಳ್ಬೇಕಾ?

…ಹೇಳ್ತೀನಿ. ಹೇಳ್ತೀನವ್ವಾ. ಕೋರ್ಟಿಗೂ ಬರ್ತೀನಿ ಬೇಕಂದ್ರ. ನಾ ಕಣ್ಣಾರೆ ನೋಡೀನಿ ಆ ಹಗ್ಗ, ಸಾಕ್ಷಿ ಆಗ್ತೀನಿ. ಗುರಣ್ಣ ಕುಡದಿದ್ದಿಲ್ಲ, ಹಗ್ಗ ಹರದಿತ್ತು ಅಂತ ನಿಂತು ಹೇಳ್ತೀನಿ. ಆ ಹನ್ನೆರಡ ಮಷಿನ್ ಕೆಲಸ ಹೋದ್ರ ಹೋಗ್ಲಿ! ಕೂಡು. ಎದ್ದು ನಿಂದ್ರಬ್ಯಾಡ, ಕೂಡು, ಈಗ ನಿನ್ನ ಮುಂದನ ಮಾಡ್ತೀನಿ ಫೋನು.

ರಿಂಗ್ ಆಗಾಕತ್ತದ.

ಹಲೋ… ಹಾಂ, ರೇಣು ಬಾಯಾರಿಗೆ ಕರೀರಿ ಒಂದೀಟು. ಅಮರ ಅಂತ್ಹೇಳಿ, ಕಂಪ್ಯೂಟರ್ ಅಂಗಡಿ… ಹಾಂ ನಮಸ್ಕಾರ್ರಿ ಬಾಯಾರ. ಹೌದ್ರಿ, ಹುಲಿಗೆವ್ವ ಬಂದಾಳ್ರಿ, ಇಲ್ಲೇ ನನ್ನ ಮುಂದನ ಅದಾಳ… ಮಷಿನ್ ಏನ್ರಿ? ಮಷಿನ್… ಅದನ್ನ ಹೇಳಾಕ ಫೋನ್ ಮಾಡೀನ್ರಿ…

ಇಲ್ಲ್ರಿ. ಫೋಟೋ ಸಿಗಲಿಲ್ಲ್ರಿ. ಅಪ್‌ಡೇಟದಾಗ ಹೋತ್ರಿ ಎಲ್ಲಾ… ಹೌದ್ರಿ, ಗುರುವಾರ ಕರೆಂಟ್ ಹೋತಲ್ರಿ, ಆಗ… ಭಾಳ ಪ್ರಯತ್ನ ಮಾಡಿದೆ ಬಾಯಾರ, ನಮ್ಮ ಮಂದಿ ಕೆಲಸ ಅಂತ ಎರಡ ರಾತ್ರಿ ನಿದ್ದಿ ಮಾಡಿಲ್ಲ… ಹೂನ್ರಿ, ಆಕಿಗೂ ಎಲ್ಲಾ ತಿಳಿಸಿ ಹೇಳೀನ್ರಿ…

ಆಕೀನಾ? ಏನೂ ಅನ್ನವಲ್ಲಳ್ರಿ. ಸುಮ್ಮನ ನಿಂತಾಳ್ರಿ.